ಬ್ಲೂಸ್ ತೂಗುವ ತಕ್ಕಡಿ
(ಚಚಡಿಯಲ್ಲಿ ಆಡಿದ ಮಾತು)



1968ರ ಡಿಸೆಂಬರ್ 11ರಂದು ಲಂಡನ್ನಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದವರು ಸರ್ಕಸ್ ಡೇರೆಯಂತೆ ಕಟ್ಟಿಸಿದ ರಂಗದ ಮೇಲೆ, ಅದೊಂದೇ ಸಲಕ್ಕೆ 'ಡರ್ಟಿ ಮ್ಯಾಕ್' ಎಂಬ ಮೇಳ ಕೂಡಿತು. ಹಾಡಿದವನು ಜಾನ್ ಲೆನನ್. ಗಿಟಾರಿಗೆ ಎರಿಕ್ ಕ್ಲ್ಯಾಪ್ಟನ್, ಬೇಸ್ ಗಿಟಾರಿಗೆ ಕೀತ್ ರಿಚರ್ಡ್ಸ್, ಡ್ರಮ್ಮಿಗೆ ಮಿಚ್ ಮಿಚೆಲ್. ನಾಲ್ವರೂ ಬಿಳಿಯರು. ಹಾಡಿದ್ದು 'ಯರ್ ಬ್ಲೂಸ್'. ಬ್ಲೂಸ್ ಹುಟ್ಟಿದ್ದು ಅಮೆರಿಕದ ದಕ್ಷಿಣದ ಹತ್ತಿ ಹೊಲದಾಗ, ಗುಲಾಮರ ಮಕ್ಕಳು ಮೊಮ್ಮಕ್ಕಳ ಕೊರಳಾಗ.

ನಾವು ಹೆಂಗ ತೂಗೋಣ? ಹಾಡು ಚಲೋ ಐತಿ, ಸುಳ್ಳು ಹೇಳಬಾರದು. ಲೆನನ್ ಕಪ್ಪು ಜನರ ದನಿ ನಕಲು ಮಾಡದೆ ತನ್ನ ನೋವನ್ನೇ ಕೂಗಿದ. ಕ್ಲ್ಯಾಪ್ಟನ್ ಬೆರಳೂ ಸೈ. ಆದರೆ ಅದೇ ಕ್ಲ್ಯಾಪ್ಟನ್ 1976ರಲ್ಲಿ ಬರ್ಮಿಂಗ್‌ಹ್ಯಾಮಿನ ವೇದಿಕೆಯಿಂದ, ವಲಸೆ ಬಂದವರ ವೈರಿ ಇನಾಕ್ ಪೊವೆಲ್‌ನ ಪರ ಮಾತಾಡಿದ. ಅದಕ್ಕೆ ಉತ್ತರವಾಗಿಯೇ 'ರಾಕ್ ಅಗೇನ್ಸ್ಟ್ ರೇಸಿಸಂ' ಚಳುವಳಿ ಎದ್ದಿತು. 2018ರಲ್ಲಿ ಆತ ನಾಚಿಕೆಯಾಗುತ್ತದೆ ಅಂದ. ಅದನ್ನೂ ತಕ್ಕಡಿಗೆ ಹಾಕೋಣ.

ಹಲಗಿ ಬೇಕು, ಹಲಗಿ ಬಾರಿಸುವವ ಹೊರಗಿರಬೇಕು: ಈ ನ್ಯಾಯ ನಮಗೇನು ಹೊಸದಲ್ಲ. ಆ ದಿನ ಅದೇ ರಂಗದಲ್ಲಿ ತಾಜ್ ಮಹಲ್ ಎಂಬ ಹೆಸರಿನ ಕಪ್ಪು ಗಾಯಕನೂ ಹಾಡಿದ್ದ. 1996ರಲ್ಲಿ ಹೊರಬಂದ ಆ ಚಿತ್ರ ಸಿಕ್ಕರೆ ಅವನನ್ನೂ ಕೇಳ್ರಿ. ಬೆರಳಿಗೆ ಅಂಕ ಕೊಡೋಣ, ಸಾಲದ ಲೆಕ್ಕ ಮಾತ್ರ ಬ್ಯಾರೆ ಬರೆದಿಡೋಣ.