ದೂಳಿಗೆ ನೀರು ಬೇಕು, ನೀರಿಗೆ ಮಳೆ ಬೇಕು



ಮಾಗಿಯ ಮುಂಜಾವಿನಲ್ಲಿ ಮಾಕಳಿದುರ್ಗದ ಮೇಲೋ ಶಿವಗಂಗೆಯ ನೆತ್ತಿಯಲ್ಲೋ ನಿಂತವರಿಗೆ ಕೆಳಗಿನ ಬಯಲು ಕಾಣುವುದಿಲ್ಲ. ಬಿಳಿಯ ಹೊದಿಕೆಯೊಂದು ಕೆರೆ, ಹೊಲ, ಊರುಗಳನ್ನು ಮುಚ್ಚಿರುತ್ತದೆ. ಪ್ರವಾಸಿಗಳು ಮಂಜೆಂದು ಬಗೆದು ಚಿತ್ರ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಮಂಜೂ ಇದೆ, ನಿಜ. ಆದರೆ ಬಿಸಿಲೇರಿದ ಮೇಲೂ ಕರಗದೆ ದಿಗಂತದಲ್ಲಿ ಕಂದು ಗೆರೆಯಾಗಿ ಉಳಿಯುವುದು ಮಂಜಲ್ಲ. ಇರುಳಿನಲ್ಲಿ ನೆಲ ತಣಿದಾಗ ಅದಕ್ಕೆ ತಾಗಿದ ಗಾಳಿಯೂ ತಣಿದು ಭಾರವಾಗುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಹೆದ್ದಾರಿಯ ಲಾರಿಗಳ ಹೊಗೆ, ಇಟ್ಟಿಗೆ ಗೂಡುಗಳ ಹೊಗೆ, ಸೌದೆ ಒಲೆಯ ಹೊಗೆ, ಕ್ರಷರಿನ ದೂಳು ಎಲ್ಲವೂ ಆ ಮುಚ್ಚಳದ ಕೆಳಗೆ ಸಿಕ್ಕಿಬೀಳುತ್ತವೆ.

ಹವಾಮಾನ ಬದಲಾವಣೆಯೆಂದರೆ ಹಿಮಾಲಯದ ನೀರ್ಗಲ್ಲು ಕರಗುವುದು, ವಾಯುಮಾಲಿನ್ಯವೆಂದರೆ ದೆಹಲಿಯ ಚಳಿಗಾಲ ಎಂಬ ತಿಳಿವಳಿಕೆ ನಮ್ಮ ಶಾಲೆಗಳಲ್ಲಿ ಬೇರೂರಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಹಳ್ಳಿಗಳಲ್ಲಿ ಇವೆರಡೂ ಒಂದೇ ಅಂಗಳಕ್ಕೆ ಬಂದು ನಿಂತಿವೆ. (ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಬೆಂಗಳೂರು ಉತ್ತರವೆಂದು ಕರೆಯಲು ರಾಜ್ಯ ಸಚಿವ ಸಂಪುಟ 2025ರಲ್ಲಿ ತೀರ್ಮಾನಿಸಿತು. ಹೆಸರು ಏನೇ ಆಗಲಿ, ಉಸಿರಾಡುವ ಗಾಳಿ ಅದೇ.)

ಈ ಜಿಲ್ಲೆಯ ಬೆಟ್ಟಗಳು ಕಲ್ಲಿನವು, ಅವುಗಳ ಶತ್ರುವೂ ಆ ಕಲ್ಲೇ. ಉಳಿ ಸುತ್ತಿಗೆಯ ಕಾಲದಲ್ಲಿ ಒಂದು ಬಂಡೆ ತಲೆಮಾರುಗಳಿಗೆ ಸಾಕಾಗುತ್ತಿತ್ತು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಅದರ ಸುತ್ತ ಬಡಾವಣೆಗಳು ಎದ್ದವು. 2024ರಲ್ಲಿ ದೊಡ್ಡಬಳ್ಳಾಪುರ–ಹೊಸಕೋಟೆ ನಡುವಿನ ಉಪನಗರ ವರ್ತುಲ ರಸ್ತೆ ಉದ್ಘಾಟನೆಯಾಯಿತು. ಇದಕ್ಕೆಲ್ಲ ಜಲ್ಲಿ ಬೇಕು, ಎಂ-ಸ್ಯಾಂಡ್ ಬೇಕು. ಬಂಡೆ ಪುಡಿಯಾದಾಗ ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ. ಅದರ ಅತಿ ಸೂಕ್ಷ್ಮ ಕಣಗಳು ಕಣ್ಣಿಗೆ ಕಾಣುವುದಿಲ್ಲ, ಮೂಗಿನಲ್ಲಿ ನಿಲ್ಲುವುದಿಲ್ಲ. ನೇರವಾಗಿ ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲಿ ಗಾಯದ ಕಲೆಗಳನ್ನು ಬೆಳೆಸುತ್ತವೆ. ಸಿಲಿಕೋಸಿಸ್ ಎಂಬ ಈ ರೋಗವನ್ನು ಗುಣಪಡಿಸುವ ಮದ್ದಿಲ್ಲ. ಇದು ಬಂದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಎಷ್ಟೋ ಕಾರ್ಮಿಕರು ಬರೀ ಕ್ಷಯದ ಮಾತ್ರೆ ನುಂಗುತ್ತ, ಇದ್ದ ರೋಗದ ಹೆಸರು ತಿಳಿಯದೆಯೇ ತೀರಿಕೊಳ್ಳುತ್ತಾರೆ. ಕಾನೂನಿನ ಪ್ರಕಾರ ವೈದ್ಯರು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಇದೂ ಇದೆ ಎಂಬುದನ್ನು ಕೆಲಸಗಾರರಿಗೆ ಹೇಳುವವರು ವಿರಳ.

ದೂಳಿನ ಸುದ್ದಿಯನ್ನು ವೈದ್ಯರಿಗಿಂತ ಮೊದಲು ರೇಷ್ಮೆಹುಳು ಹೇಳುತ್ತದೆ. ವಿಜಯಪುರದ ಸುತ್ತಿನ ಬೆಳೆಗಾರರು ಇದನ್ನು ಬಲ್ಲರು. ದೂಳು ಕೂತ ಹಿಪ್ಪುನೇರಳೆ ಸೊಪ್ಪನ್ನು ಹುಳು ಸರಿಯಾಗಿ ಮೇಯುವುದಿಲ್ಲ, ಗೂಡು ಸೊರಗುತ್ತದೆ. ಹುಳುವಿಗಾದರೆ ಸೊಪ್ಪನ್ನು ತೊಳೆದು ಹಾಕಬಹುದು. ಮಗುವಿಗೆ ಗಾಳಿಯನ್ನು ತೊಳೆದು ಕೊಡುವವರಾರು?

ಹವಾಮಾನದ ಪ್ರಶ್ನೆ ಬರುವುದು ಇಲ್ಲಿಯೇ. ಕ್ರಷರುಗಳ ದೂಳನ್ನು ಅಡಗಿಸಲು ನೀರು ಸಿಂಪಡಿಸಬೇಕು, ಟಿಪ್ಪರು ಓಡಾಡುವ ಮಣ್ಣು ದಾರಿಯನ್ನು ತೋಯಿಸಬೇಕು. ಕಾಗದದ ಮೇಲಿನ ಷರತ್ತುಗಳೆಲ್ಲ ನೀರಿದೆ ಎಂಬ ನಂಬಿಕೆಯ ಮೇಲೆ ನಿಂತಿವೆ. ಆದರೆ 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಮರು ಬೇಸಿಗೆಯಲ್ಲಿ ಬೆಂಗಳೂರೇ ಟ್ಯಾಂಕರಿಗೆ ಸಾಲು ನಿಂತಿತು. ಈ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳು ಅಂತರ್ಜಲವನ್ನು ಅತಿಯಾಗಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿವೆ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಕುಡಿಯುವ ನೀರಿಗೇ ತತ್ವಾರವಿರುವಾಗ ದೂಳಿಗೆ ನೀರು ಹಾಕುವವರು ಯಾರು? ಹಾಕಿದರೆ ಅದು ಯಾರ ಬಿಂದಿಗೆಯ ನೀರು? ದೂಳು ಅತಿ ಹೆಚ್ಚಾಗಿ ಏಳುವ ತಿಂಗಳುಗಳಲ್ಲೇ ಅದನ್ನು ಅಡಗಿಸುವ ಸಾಧನ ಇಲ್ಲವಾಗುತ್ತದೆ.

ಗಾಳಿಯನ್ನು ತೊಳೆಯುವ ದೊಡ್ಡ ಕೆಲಸ ಮಳೆಯದು. ಸದ್ದಿಲ್ಲದೆ ಹಲವು ದಿನ ಸುರಿಯುವ ಜಡಿಮಳೆ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಭೂಮಿ ಬಿಸಿಯಾದಂತೆ ಮಳೆ ಕೆಲವೇ ದಿನಗಳಲ್ಲಿ ರಭಸದಿಂದ ಸುರಿದು, ನಡುವಿನ ಒಣ ದಿನಗಳು ಉದ್ದವಾಗುತ್ತವೆ. ಭರಣಿ ಮಳೆ ತಪ್ಪಿದರೆ ಚೈತ್ರ ವೈಶಾಖಗಳ ದೂಳು ಹಾಗೆಯೇ ತೇಲುತ್ತಿರುತ್ತದೆ.

ಬಿಸಿಲಿಗೆ ಇನ್ನೊಂದು ಕೈವಾಡವಿದೆ. ವಾಹನಗಳ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಇತರ ಆವಿಗಳೊಡನೆ ಬೆರೆತು ಓಝೋನ್ ಆಗುತ್ತವೆ. ಆಕಾಶದ ಎತ್ತರದಲ್ಲಿ ಕಾಯುವ ಓಝೋನ್ ನೆಲದ ಮಟ್ಟದಲ್ಲಿ ಶ್ವಾಸನಾಳವನ್ನು ಸುಡುತ್ತದೆ, ಆಸ್ತಮಾ ಕೆರಳಿಸುತ್ತದೆ. ತಾಪ ಏರಿದಷ್ಟೂ ಇದರ ಉತ್ಪತ್ತಿ ಚುರುಕು. ಬೆಂಗಳೂರಿನ ಉಷ್ಣಾಂಶ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿಗೂ 2024ರ ಏಪ್ರಿಲ್‌ನಲ್ಲಿ 38.5 ಡಿಗ್ರಿಗೂ ಏರಿತ್ತು. ನಗರದಲ್ಲಿ ಹುಟ್ಟಿದ ಹೊಗೆ ಗಾಳಿಯ ದಿಕ್ಕಿನಲ್ಲಿ ಸಾಗುತ್ತ ಹೊರವಲಯದ ಹಳ್ಳಿಗಳ ಮೇಲೆ ಓಝೋನ್ ಆಗಿ ಬಲಿಯುವುದುಂಟು. ಊರ ಸುತ್ತ ಹಸಿರಿದೆ, ಆದ್ದರಿಂದ ಗಾಳಿ ಶುದ್ಧವೆಂಬ ಸಮಾಧಾನ ಸಲ್ಲದು. ಈ ಸೀಮೆಯ ಹೊಲಗಳನ್ನು ಆವರಿಸಿದ ನೀಲಗಿರಿ ಮರಗಳೂ ಸೆಕೆಯಲ್ಲಿ ಇಂಥ ಆವಿಗಳನ್ನು ಹೆಚ್ಚಾಗಿ ಬಿಡುತ್ತವೆ. ಅವುಗಳ ತರಗೆಲೆಗೆ ಬೆಂಕಿ ಬೇಗ ಹತ್ತುತ್ತದೆಂಬುದು ಬೆಟ್ಟದವರಿಗೆ ಹೇಳಬೇಕಾದ ಮಾತಲ್ಲ.

ಸೌದೆಯ ಹೊಗೆ ಹೆಂಗಸರ ಪಾಲು. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ ದಶಕಗಳ ಹಿಂದೆಯೇ ಹೊಗೆ ಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿತು. ಸಿಲಿಂಡರು ಬಂದ ಮನೆಗಳಲ್ಲೂ ಬಚ್ಚಲ ಒಲೆ ಇಂದಿಗೂ ಸೌದೆಯದೇ. ಡೀಸೆಲ್ ಮತ್ತು ಸೌದೆಯ ಹೊಗೆಯ ಮಸಿ ಎದೆಗೆ ಇಳಿಯುವುದಲ್ಲದೆ ಬಿಸಿಲನ್ನು ಹೀರಿ ವಾತಾವರಣವನ್ನೂ ಕಾಯಿಸುತ್ತದೆ.

ದೇಶದಲ್ಲಿ 2019ರೊಂದರಲ್ಲೇ ಸುಮಾರು 16.7 ಲಕ್ಷ ಸಾವುಗಳಿಗೆ ವಾಯುಮಾಲಿನ್ಯ ಕಾರಣವೆಂದು ಸಂಶೋಧಕರು ಅಂದಾಜಿಸಿದ್ದಾರೆ. 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಭಾರತ 2009ರಲ್ಲಿ ಗೊತ್ತುಪಡಿಸಿದ ಮಿತಿ 40. ಆದ್ದರಿಂದ ‘ಮಿತಿಯೊಳಗಿದೆ’ ಎಂಬ ಉತ್ತರ ಬಂದಾಗ ಯಾವ ಮಿತಿ ಎಂದು ವಿದ್ಯಾರ್ಥಿಗಳು ಕೇಳಬೇಕು.

ಕಲ್ಲು ಪುಡಿ ಮಾಡುವ ಘಟಕಗಳ ನಿಯಂತ್ರಣಕ್ಕೆ ರಾಜ್ಯದಲ್ಲಿ 2011ರ ಅಧಿನಿಯಮವಿದೆ. ಅದರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಬೇಸಿಗೆಗೆ ಮುನ್ನ ನಡೆಯುವ ಗ್ರಾಮಸಭೆಯಲ್ಲಿ ಎರಡು ಪ್ರಶ್ನೆಗಳನ್ನು ಬರೆದುಕೊಟ್ಟು, ನಡವಳಿಯಲ್ಲಿ ದಾಖಲಿಸಿ, ಪ್ರಾಧಿಕಾರಕ್ಕೆ ಕಳುಹಿಸಬಹುದು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ದೂಳಿಗೆ ಸಿಂಪಡಿಸುವ ನೀರು ಎಲ್ಲಿಂದ ಬರುತ್ತದೆ? ನೀರಿಲ್ಲದ ದಿನ ಯಂತ್ರ ನಿಲ್ಲುತ್ತದೆಯೇ?