ಸಹಿ ಯಾರದು, ಲಾಭ ಯಾರದು?

(ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಸ್ಥರ ವಾರದ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ವಾರ ಸಭೆ ಮುಗಿದ ಮೇಲೆ ಗಿರಣಿಯ ಹಿರಿಯ ಕೆಲಸಗಾರರೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. "ಮಾಸ್ತರೇ, ನಮ್ಮ ದೇಶದವರು ಇಂಗ್ಲೆಂಡಿಗೆ ಹೋಗಿ ಲೆಕ್ಕಕ್ಕೆ ತೋರಿಸದೆ ದುಡಿಯುತ್ತಾರಂತೆ. ಅದರ ಮೇಲೆ ಬಡವರಿಗೆಂದು ಅಲ್ಲಿಯ ಸರ್ಕಾರ ಕೊಡುವ ಹಣವನ್ನೂ ತಿನ್ನುತ್ತಾರಂತೆ. ಅಂಥವರನ್ನು ಅಲ್ಲಿಯವರು ಹೊರಗೆ ಹಾಕಿದರೆ ತಪ್ಪೇನು?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದು. ದಾರಿಯಲ್ಲಿ ನಿಂತು ಒಂದು ಮಾತು ಹೇಳಿ ಜಾರಿಕೊಳ್ಳುವುದು ಸರಿಯಲ್ಲವೆಂದು ಈ ದಿನ ಅದನ್ನೇ ಭಾಷಣದ ವಿಷಯವಾಗಿ ತೆಗೆದುಕೊಂಡಿದ್ದೇವೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಮೋಸ ಮೋಸವೇ. ಕೆಲಸ ಕಳೆದುಕೊಂಡವರಿಗೆ, ರೋಗಿಗಳಿಗೆ, ಮಕ್ಕಳೊಂದಿಗರಿಗೆ ಆಸರೆಯಾಗಲೆಂದು ಒಂದು ದೇಶದ ದುಡಿಯುವ ಜನ ತೆರಿಗೆ ಕೊಟ್ಟು ಕಟ್ಟಿಕೊಂಡ ನಿಧಿ ಅದು. ಅದಕ್ಕೆ ಕನ್ನ ಹಾಕುವುದೆಂದರೆ ಕೆಲಸಗಾರನ ಜೇಬಿಗೇ ಕೈ ಹಾಕಿದಂತೆ. ಸಮಾಜವಾದಿಯಾದವನು ಅದನ್ನು ಸಮರ್ಥಿಸಲಾರ. ಆದರೆ ಕಳವಾದಾಗ ಮಾಲು ಯಾರ ಮನೆ ಸೇರಿತೆಂದು ಕೇಳದೆ, ಬಾಗಿಲಲ್ಲಿ ಸಿಕ್ಕವನನ್ನು ಮಾತ್ರ ಕಂಬಕ್ಕೆ ಕಟ್ಟಿದರೆ ವಿಚಾರಣೆ ಅರ್ಧಕ್ಕೇ ನಿಂತಂತೆ. ಉಳಿದ ಅರ್ಧವನ್ನು ಈಗ ನಡೆಸೋಣ.

ಇಂಗ್ಲೆಂಡಿನ ನಡುಭಾಗದಲ್ಲಿ ಲೆಸ್ಟರ್ ಎಂಬ ನಗರವಿದೆ. ಹೆಣೆದ ಬಟ್ಟೆ, ಕಾಲುಚೀಲಗಳ ಉದ್ಯಮದಿಂದ ಬೆಳೆದ ಊರು. 1972ರಲ್ಲಿ ಉಗಾಂಡದ ಇದಿ ಅಮೀನ್ ಅಲ್ಲಿ ನೆಲೆಸಿದ್ದ ಭಾರತೀಯ ಮೂಲದವರಿಗೆ ತೊಂಬತ್ತು ದಿನಗಳ ಗಡುವು ಕೊಟ್ಟು ಹೊರಗಟ್ಟಿದಾಗ, ಲೆಸ್ಟರಿನ ನಗರಸಭೆ ಉಗಾಂಡದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ನಮ್ಮೂರಿಗೆ ಬರಬೇಡಿರೆಂದು ತಿಳಿಸಿತು. ಆದರೂ ಸಾವಿರಾರು ಮಂದಿ ಬಂದರು. ಅವರಲ್ಲಿ ಗುಜರಾತಿಗಳು ಬಹಳ. ಬಂದವರು ಕಾರ್ಖಾನೆ ಸೇರಿದರು, ಅಂಗಡಿ ಇಟ್ಟರು. 1974ರ ಮೇ ತಿಂಗಳಲ್ಲಿ ಅಲ್ಲಿಯ ಇಂಪೀರಿಯಲ್ ಟೈಪ್‌ರೈಟರ್ ಕಾರ್ಖಾನೆಯ ಏಷ್ಯದ ಕೆಲಸಗಾರರು ಬೋನಸ್ಸಿನಲ್ಲಿ ಅನ್ಯಾಯವಾಗುತ್ತಿದೆಯೆಂದು ಮುಷ್ಕರ ಹೂಡಿದರು. ಚಂದಾ ಕೊಟ್ಟ ತಮ್ಮ ಸಂಘವೇ ಅವರ ಬೆನ್ನಿಗೆ ನಿಲ್ಲಲಿಲ್ಲ. ಹೊಸಬರನ್ನು ಸಂಘ ಹೊರಗಿಟ್ಟರೆ ಅವರು ಒಂಟಿಯಾಗುತ್ತಾರೆ. ಒಂಟಿಯಾದವನನ್ನು ಮಾಲೀಕ ಕೇಳಿದ ಬೆಲೆಗೆ ಕೊಳ್ಳುತ್ತಾನೆ. ಈ ಮಾತನ್ನು ನೆನಪಿನಲ್ಲಿಡಿ.

ಕಾಲಕ್ರಮದಲ್ಲಿ ದೊಡ್ಡ ಕಾರ್ಖಾನೆಗಳು ಮುಚ್ಚಿದವು. ಹಳೆಯ ಕಟ್ಟಡಗಳ ಒಂದೊಂದು ಕೋಣೆಯಲ್ಲಿ ಹತ್ತಿಪ್ಪತ್ತು ಹೊಲಿಗೆ ಯಂತ್ರ ಇಟ್ಟುಕೊಂಡ ಸಣ್ಣ ಗುತ್ತಿಗೆದಾರರು ಹುಟ್ಟಿಕೊಂಡರು. ಇಂಗ್ಲೆಂಡಿನಲ್ಲಿ 1999ರಿಂದ ಕನಿಷ್ಠ ಕೂಲಿಯ ಕಾನೂನು ಜಾರಿಯಲ್ಲಿದೆ. 2020ರಲ್ಲಿ ಇಪ್ಪತ್ತೈದು ವರ್ಷ ತುಂಬಿದವರಿಗೆ ಗಂಟೆಗೆ 8.72 ಪೌಂಡು ಕೊಡಬೇಕಾಗಿತ್ತು. ಅದೇ ವರ್ಷದ ಜುಲೈ ತಿಂಗಳಲ್ಲಿ ಸಂಡೇ ಟೈಮ್ಸ್ ಪತ್ರಿಕೆಯ ವರದಿಗಾರರೊಬ್ಬರು ಗುರುತು ಮರೆಸಿಕೊಂಡು ಅಂಥ ಒಂದು ಕೋಣೆಗೆ ಕೆಲಸಕ್ಕೆ ಹೋದರು. ಗಂಟೆಗೆ 3.50 ಪೌಂಡು ಕೊಡುತ್ತೇವೆಂದರು. ಅಲ್ಲಿ ತಯಾರಾಗುತ್ತಿದ್ದುದು ಬೂಹೂ ಎಂಬ ದೊಡ್ಡ ಕಂಪನಿಗೆ ಸೇರಿದ ಉಡುಪುಗಳು.

ಇನ್ನು ಲೆಕ್ಕದ ಪುಸ್ತಕಕ್ಕೆ ಬರೋಣ. ಕೂಲಿ ಕಡಿಮೆ ಕೊಟ್ಟು ಕಾನೂನಿನ ಕಣ್ಣು ತಪ್ಪಿಸುವುದು ಹೇಗೆ? ಒಬ್ಬಾಕೆ ವಾರಕ್ಕೆ ನಲವತ್ತು ಗಂಟೆ ಹೊಲಿದಳೆನ್ನಿ. ಗಂಟೆಗೆ ಮೂರೂವರೆಯಂತೆ ಅವಳ ಕೈಗೆ ಬಂದದ್ದು 140 ಪೌಂಡು. ಆದರೆ ಮಾಲೀಕ ಕೊಡುವ ಕೂಲಿಚೀಟಿಯಲ್ಲಿ 16 ಗಂಟೆ ಮಾತ್ರ ಬರೆದಿರುತ್ತದೆ. ಹದಿನಾರನ್ನು 8.72ರಿಂದ ಗುಣಿಸಿ ನೋಡಿ. 139 ಪೌಂಡು 52 ಪೆನ್ಸ್! ಕಾಗದದ ಮೇಲೆ ಕಾನೂನು ಪಾಲನೆಯಾಯಿತು. ಉಳಿದ ಇಪ್ಪತ್ತನಾಲ್ಕು ಗಂಟೆಗಳ ಬೆವರು ಎಲ್ಲಿಯೂ ಬರೆಯದೆ ಆವಿಯಾಗಿ ಹೋಯಿತು.

ಹದಿನಾರೇ ಏಕೆ? ಮಗುವಿರುವ ಒಂಟಿ ತಾಯಿ ವಾರಕ್ಕೆ 16 ಗಂಟೆಯಾದರೂ ದುಡಿದರೆ ಅವಳ ಕೂಲಿಗೆ ಸರ್ಕಾರ ಪೂರಕ ಹಣ ಸೇರಿಸುವ ಪದ್ಧತಿ ಅಲ್ಲಿ 2003ರಿಂದ ಇತ್ತು. ಆ ಪದ್ಧತಿ 2025ರ ಏಪ್ರಿಲ್‌ನಲ್ಲಿ ಕೊನೆಗೊಂಡಿತು. ಯೂನಿವರ್ಸಲ್ ಕ್ರೆಡಿಟ್ ಎಂಬ ಬೇರೆ ನೆರವು ಅದರ ಸ್ಥಾನಕ್ಕೆ ಬಂದಿದೆ. ಚೀಟಿಯಲ್ಲಿ ದುಡಿಮೆ ಕಡಿಮೆ ಕಂಡಷ್ಟೂ ಸರ್ಕಾರ ತುಂಬಿಕೊಡುವ ಪಾಲು ಹೆಚ್ಚು. "ಕೂಲಿ ಇಷ್ಟೇ, ಉಳಿದುದನ್ನು ಸರ್ಕಾರದಿಂದ ಪಡೆದುಕೋ" ಎಂಬುದು ಆ ಚೀಟಿಯ ಒಳಗಿನ ಮಾತು. ನೆರವಿನ ಅರ್ಜಿಗೆ ಸಹಿ ಹಾಕುವವಳು ಅವಳು. ಸಿಕ್ಕಿಬಿದ್ದರೆ ಅಪರಾಧಿಯೂ ಅವಳೇ. ಆದರೆ ನಲವತ್ತು ಗಂಟೆಗೆ ನ್ಯಾಯವಾಗಿ 348 ಪೌಂಡು ಕೊಡಬೇಕಾಗಿದ್ದ ಮಾಲೀಕ 208 ಪೌಂಡು ಉಳಿಸಿಕೊಂಡನಲ್ಲ! ಪ್ರತಿ ವಾರ, ಪ್ರತಿ ಯಂತ್ರಕ್ಕೆ! ಸರ್ಕಾರದ ಹಣ ಅವಳ ಕೈ ಹಾದು ಸೇರಿದ್ದು ಅವನ ಗಲ್ಲಾಪೆಟ್ಟಿಗೆಯನ್ನೇ.

ಮಾಲೀಕ ಮಾತ್ರ ಪಾಪಿಯೆಂದೂ ನಾವು ಹೇಳುವುದಿಲ್ಲ. ಇಲ್ಲಿರುವ ವ್ಯಾಪಾರಸ್ಥ ಮಿತ್ರರಿಗೆ ಇದು ಚೆನ್ನಾಗಿ ಗೊತ್ತು. ಪಕ್ಕದವನು ಸುಳ್ಳು ತಕ್ಕಡಿ ಹಿಡಿದರೆ ನ್ಯಾಯವಾದ ತಕ್ಕಡಿಯವನ ಅಂಗಡಿ ಮುಚ್ಚುತ್ತದೆ. ಪೂರ್ತಿ ಕೂಲಿ ಕೊಡುವ ಕಾರ್ಖಾನೆಯವನು ಕಂಪನಿ ಕೇಳುವ ಬೆಲೆಗೆ ಅಂಗಿ ಹೊಲಿದುಕೊಡಲಾರ. ಬೂಹೂ ಕಂಪನಿಯೇ ನೇಮಿಸಿದ ವಕೀಲೆ ಆಲಿಸನ್ ಲೆವಿಟ್ 2020ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟರು. ಕಡಿಮೆ ಕೂಲಿ, ಕೆಟ್ಟ ಪರಿಸ್ಥಿತಿಗಳ ಆರೋಪ ಬಹುಮಟ್ಟಿಗೆ ನಿಜ, ಕಂಪನಿಯ ಮೇಲ್ವಿಚಾರಣೆ ಸಾಲದು, ಆದರೆ ಕಂಪನಿ ಅಪರಾಧವೆಸಗಿಲ್ಲ ಎಂದರು. ಕಾನೂನಿನ ದೃಷ್ಟಿಯಲ್ಲಿ ಕೊಳ್ಳುವವನ ಕೈ ಸ್ವಚ್ಛವಾಗಿಯೇ ಉಳಿಯಿತು.

ಇನ್ನೊಂದು ಸಂಗತಿ. ವೀಸಾದ ಮೇಲೆ ಹೋದ ಬಹುಮಂದಿಗೆ ಅಲ್ಲಿ ಸರ್ಕಾರದ ನೆರವು ಪಡೆಯುವ ಹಕ್ಕೇ ಇರುವುದಿಲ್ಲ. ಇನ್ನು ಪರವಾನಗಿಯಿಲ್ಲದೆ ದುಡಿದರೆ ದುಡಿದದ್ದೇ ಅಪರಾಧ. 2016ರ ಕಾನೂನಿನಂತೆ ಅವರು ಗಳಿಸಿದ ಕೂಲಿಯನ್ನೂ ಮುಟ್ಟುಗೋಲು ಹಾಕಿಕೊಳ್ಳಬಹುದು. ಹೀಗಿರುವಾಗ ಕೂಲಿಯಲ್ಲಿ ಮೋಸವಾಯಿತೆಂದು ದೂರು ಕೊಡಲು ಯಾವ ಕೆಲಸಗಾರ ಠಾಣೆಯ ಮೆಟ್ಟಿಲು ಹತ್ತಿಯಾನು? ಅವನ ಬಾಯಿಗೆ ಕಾನೂನೇ ಬೀಗ ಹಾಕಿ ಕೀಲಿಕೈಯನ್ನು ಮಾಲೀಕನಿಗೆ ಒಪ್ಪಿಸಿದೆ.

ನಮ್ಮ ಮಾತನ್ನೂ ಇಲ್ಲಿ ಹೇಳಿಬಿಡುತ್ತೇವೆ. ನಾವು ಮಾಸ್ತರಿಕೆ ಮಾಡುತ್ತಿದ್ದ ಒಂದು ಶಾಲೆಯಲ್ಲಿ ತಿಂಗಳು ತಿಂಗಳೂ ಪೂರ್ತಿ ಸಂಬಳದ ಪಟ್ಟಿಗೆ ಸಹಿ ಹಾಕುತ್ತಿದ್ದೆವು. ಕೈಗೆ ಬರುತ್ತಿದ್ದುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆ ಪಟ್ಟಿ ಸುಳ್ಳೆಂದು ನಮಗೆ ಗೊತ್ತಿತ್ತು. ಬೆಳಿಗ್ಗೆ ಮಕ್ಕಳಿಗೆ ಸತ್ಯವನ್ನೇ ನುಡಿಯಬೇಕೆಂದು ಪಾಠ ಹೇಳಿ, ಸಾಯಂಕಾಲ ಆ ಪಟ್ಟಿಗೆ ಸಹಿ ಮಾಡಿ ಬರುತ್ತಿದ್ದೆವು. ಮನೆಯಲ್ಲಿ ಒಲೆ ಉರಿಯಬೇಕಾಗಿತ್ತು. ನಾವು ಮಾಡಿದ್ದು ತಪ್ಪಲ್ಲವೆಂದು ಇಂದಿಗೂ ಹೇಳಲಾರೆವು. ಆದರೆ ತನಿಖೆ ಬಂದಿದ್ದರೆ ಸಹಿ ಸಿಗುತ್ತಿದ್ದುದು ನಮ್ಮದು, ಹಣ ಸಿಗುತ್ತಿದ್ದುದು ಬೇರೆಯವರಲ್ಲಿ. ಲೆಸ್ಟರಿನ ಆ ಹೆಂಗಸನ್ನು ಕಳ್ಳಿಯೆಂದು ಕರೆಯಲು ನಮ್ಮ ನಾಲಿಗೆ ಏಳದಿರುವುದು ಈ ಕಾರಣದಿಂದ.

ಸಹಿ ಹಾಕಿದವರನ್ನೇ ಹಿಡಿದು ಶಿಕ್ಷಿಸೋಣವೆಂದು ಹೊರಟ ಸರ್ಕಾರವೊಂದರ ಕಥೆಯನ್ನೂ ಕೇಳಿ. ಹಾಲೆಂಡ್ ದೇಶದಲ್ಲಿ 2013ರಲ್ಲಿ ಒಂದು ಮೋಸ ಬಯಲಾಯಿತು. ದಲ್ಲಾಳಿಗಳ ತಂಡಗಳು ಬಲ್ಗೇರಿಯದ ಬಡವರನ್ನು ಕರೆತಂದು, ಅವರ ಹೆಸರು ನೋಂದಾಯಿಸಿ, ಬಾಡಿಗೆ ಮತ್ತು ಆರೋಗ್ಯದ ನೆರವಿಗೆ ಅರ್ಜಿ ಹಾಕಿಸಿ, ಬಂದ ಹಣವನ್ನು ತಾವು ನುಂಗುತ್ತಿದ್ದವು. ಮೋಸ ನಿಜ. ದೇಶವೆಲ್ಲ ಕೂಗಾಡಿತು. ಆ ಮೇಲೆ ತೆರಿಗೆ ಇಲಾಖೆ ಬೇಟೆಗೆ ಇಳಿಯಿತು. ದುಡಿಯುವ ತಂದೆ ತಾಯಿಗಳಿಗೆ ಶಿಶುಪಾಲನೆಯ ಖರ್ಚಿಗೆಂದು ಕೊಡುತ್ತಿದ್ದ ಹಣದ ಮೇಲೆ ಅದರ ಕಣ್ಣು ಬಿತ್ತು. 2014ರಲ್ಲಿ ಐಂಡ್‌ಹೋವನ್ ನಗರದ ಒಂದು ಶಿಶುಪಾಲನಾ ಸಂಸ್ಥೆಯ ಮೂಲಕ ನೆರವು ಪಡೆಯುತ್ತಿದ್ದ ಸುಮಾರು ಮುನ್ನೂರು ಕುಟುಂಬಗಳ ಹಣವನ್ನು ಒಮ್ಮೆಗೇ ನಿಲ್ಲಿಸಿತು. ಎಲ್ಲೋ ಒಂದು ಕಾಗದ ಕಡಿಮೆಯಿದ್ದರೂ ಕೊಟ್ಟುದನ್ನೆಲ್ಲ ಹಿಂದಕ್ಕೆ ಕೇಳಿದರು. ಎರಡು ದೇಶಗಳ ಪೌರತ್ವ ಇರುವುದೇ ಸಂಶಯಕ್ಕೆ ಕಾರಣವಾಯಿತು. ಸಾವಿರ ಸಾವಿರ ಕುಟುಂಬಗಳು ಸಾಲದಲ್ಲಿ ಮುಳುಗಿದವು, ಮನೆ ಮಠ ಹೋದವು. ಆ ಕುಟುಂಬಗಳ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹೆತ್ತವರಿಂದ ಬೇರೆ ಇಡಲಾಗಿತ್ತೆಂದು 2021ರಲ್ಲಿ ಅಲ್ಲಿಯ ಅಂಕಿಸಂಖ್ಯಾ ಇಲಾಖೆಯೇ ತಿಳಿಸಿತು.

ಇಲಾಖೆಯೊಳಗಿನ ಕಾನೂನು ಸಲಹೆಗಾರ್ತಿ ಸಾಂಡ್ರಾ ಪಾಲ್ಮೆನ್ 2017ರಲ್ಲೇ ಇದು ಅನ್ಯಾಯವೆಂದು ಬರೆದುಕೊಟ್ಟರು. ಆ ಕಾಗದವನ್ನು ಬದಿಗಿಟ್ಟರು. ಶಾಸನಸಭೆಯಲ್ಲಿ ಸೋಷಲಿಸ್ಟ್ ಪಕ್ಷದ ರೆನ್ಸ್ಕೆ ಲೈಟೆನ್ ಮತ್ತು ಬೇರೆ ಪಕ್ಷದ ಪೀಟರ್ ಓಮ್‌ಜಿಕ್ಟ್ ಇಬ್ಬರೂ ಪಟ್ಟು ಬಿಡದೆ ಕೇಳುತ್ತಾ ಹೋದರು. 2020ರ ಡಿಸೆಂಬರಿನಲ್ಲಿ ವಿಚಾರಣಾ ಸಮಿತಿ ಇದನ್ನು ಹಿಂದೆಂದೂ ಕಾಣದ ಅನ್ಯಾಯವೆಂದು ಸಾರಿತು. 2021ರ ಜನವರಿ 15ರಂದು ಪ್ರಧಾನಿ ರುಟ್ಟೆಯವರ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಎರಡು ತಿಂಗಳ ಮೇಲೆ ನಡೆದ ಚುನಾವಣೆಯಲ್ಲಿ ಅದೇ ರುಟ್ಟೆಯವರ ಪಕ್ಷ ಮೊದಲ ಸ್ಥಾನಕ್ಕೆ ಬಂತು. ಮಂತ್ರಿ ಮರಳಿ ಕುರ್ಚಿಯೇರಿದಷ್ಟು ಸುಲಭವಾಗಿ ಒಡೆದ ಮನೆ ಕೂಡಿಕೊಳ್ಳುವುದಿಲ್ಲ.

ಹಾಗಾದರೆ ಆ ಹಿರಿಯರ ಪ್ರಶ್ನೆಗೆ ನಮ್ಮ ಉತ್ತರವೇನು? ತನಿಖೆ ನಡೆಯಲಿ, ಖಂಡಿತ ನಡೆಯಲಿ. ಆದರೆ ಮಾಲೀಕನ ಪುಸ್ತಕದಿಂದ, ಮಾಲು ಕೊಳ್ಳುವ ಕಂಪನಿಯ ಬೆಲೆಪಟ್ಟಿಯಿಂದ ಮೊದಲಾಗಲಿ. ಮೋಸವನ್ನು ತಾನಾಗಿ ಹೇಳಿಕೊಂಡ ಕೆಲಸಗಾರನಿಗೆ ಗಡೀಪಾರಿನ ಬದಲು ರಕ್ಷಣೆ ಸಿಗಲಿ. ಬಂದವನು ಯಾವ ದೇಶದವನಾದರೂ ಸಂಘದ ಬಾಗಿಲು ಅವನಿಗೆ ತೆರೆದಿರಲಿ.

ನಾವು ಇಲ್ಲಿ ಮಾಡಬೇಕಾದುದೂ ಇದೆ. ನಮ್ಮ ಅಕ್ಕಿ ಗಿರಣಿಗಳಿಗೆ ಬಿಹಾರದಿಂದ ಬಂದ ಹುಡುಗರನ್ನು "ಹೊರಗಿನವರು, ನಮ್ಮ ಕೂಲಿ ಕೆಡಿಸಿದರು" ಎಂದು ಬೈಯುವ ಮೊದಲು ಅವರ ಚೀಟಿಯಲ್ಲಿ ಎಷ್ಟು ಬರೆದಿದ್ದಾರೆ, ಕೈಗೆ ಎಷ್ಟು ಕೊಟ್ಟಿದ್ದಾರೆ ಎಂದು ಕೇಳಿ. ನಿಮ್ಮ ಪ್ರಾವಿಡೆಂಟ್ ಫಂಡ್ ಲೆಕ್ಕದಲ್ಲಿ ಯಾವ ಸಂಬಳ ತೋರಿಸಿದ್ದಾರೆಂದೂ ನೋಡಿಕೊಳ್ಳಿ. ಒಂದು ಸಣ್ಣ ನೋಟುಪುಸ್ತಕ ಇಟ್ಟುಕೊಂಡು ದುಡಿದ ಗಂಟೆಯನ್ನು ದಿನವೂ ಬರೆದಿಡಿ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಹಾಕಲೇಬೇಕೆಂದು ಒತ್ತಾಯ ಬಂದರೆ ಒಬ್ಬರೇ ನಿಲ್ಲಬೇಡಿ, ಸಂಘದ ಕಚೇರಿಗೆ ಬನ್ನಿ. ನಾವು ಮಾಸ್ತರರಾಗಿದ್ದಾಗ ಹೋಗಲು ಅಂಥ ಒಂದು ಬಾಗಿಲು ನಮಗಿರಲಿಲ್ಲ. ನಿಮಗೆ ಇದೆ.