ಓದುವವರಿಗಾಗಿ ಬರೆಯುವ ವಿದ್ಯೆ

(ಶತಮಾನೋತ್ಸವದ ಹಳೆ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)



ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಗಣಕವಿದ್ಯೆ ಎಟಕೀತೆ ಎಂಬ ಶಂಕೆ ಕಾಸರಗೋಡಿನ ಅನೇಕ ಮನೆಗಳಲ್ಲಿ ಇಂದಿಗೂ ಇದೆ. ಈ ಶಾಲೆಯಲ್ಲಿ ಕಲಿತು ಆ ವೃತ್ತಿಯಲ್ಲಿರುವ ನಾವು ನಮ್ಮ ಕೆಲಸದ ಒಂದು ಮಗ್ಗುಲನ್ನು ತಮ್ಮ ಮುಂದಿಟ್ಟು ಅದಕ್ಕೆ ಉತ್ತರಿಸಬಯಸುತ್ತೇವೆ.

ಪ್ರೋಗ್ರಾಮನ್ನು ನಡೆಸುವುದು ಯಂತ್ರ. ಓದಿ, ತಿದ್ದಿ, ಬೆಳೆಸುವವರು ಮನುಷ್ಯರು. ನಾವು ಬಳಸುವ ಹಾಸ್ಕೆಲ್ ಭಾಷೆಯ ಮೊದಲ ನಿರೂಪಣೆ 1990ರಲ್ಲಿ ಹೊರಬಂತು. ತರ್ಕಶಾಸ್ತ್ರಜ್ಞ ಹಾಸ್ಕೆಲ್ ಕರಿ ಅವರ ಹೆಸರು ಅದಕ್ಕಿದೆ.

ಉತ್ತೀರ್ಣರಾದವರ ಅಂಕಗಳ ಮೊತ್ತ ಬೇಕೆನ್ನೋಣ. ಬೇರೆ ಭಾಷೆಗಳ ರೂಢಿ ಹೊತ್ತು ಬಂದವರು ಪಟ್ಟಿಯ ಸ್ಥಾನಗಳನ್ನು ಒಂದೊಂದಾಗಿ ಎಣಿಸುತ್ತ ಉದ್ದದ ವಿಧಿಯನ್ನು ಬರೆಯುತ್ತಾರೆ. ಉತ್ತರವೇನೋ ಸರಿ, ಬರಹ ಮಾತ್ರ ಒಂದು ನುಡಿಯಲ್ಲಿ ಯೋಚಿಸಿ ಇನ್ನೊಂದರಲ್ಲಿ ಬರೆದ ವಾಕ್ಯದಂತೆ ತೊಡಕಾಗುತ್ತದೆ. ಹಾಸ್ಕೆಲಿನ ಜಾಯಮಾನ ಬಲ್ಲವರು ಫಿಲ್ಟರ್, ಮ್ಯಾಪ್, ಸಮ್ ಎಂಬ ಮೂರು ಸಿದ್ಧ ಫಂಕ್ಷನ್‌ಗಳನ್ನು ಜೋಡಿಸುತ್ತಾರೆ: ಉತ್ತೀರ್ಣರನ್ನು ಆರಿಸಿ, ಅವರ ಅಂಕಗಳನ್ನು ತೆಗೆದು, ಕೂಡಿಸು. ಒಂದೇ ಸಾಲು ಸಾಕು.

ಚಿಕ್ಕದಾದುದೆಲ್ಲ ಚೊಕ್ಕದಲ್ಲ. ಹತ್ತು ಫಂಕ್ಷನ್‌ಗಳನ್ನು ಚುಕ್ಕಿಯಿಂದ ಪೋಣಿಸಿದ ಸಾಲು ಒಗಟಾಗುತ್ತದೆ. ಆಗ ಅದನ್ನು ಬಿಡಿಸಿ, ಪ್ರತಿ ಭಾಗಕ್ಕೂ ಅರ್ಥವುಳ್ಳ ಹೆಸರಿಟ್ಟು, ‘ವೇರ್’ ಎಂಬ ಪದದಡಿ ವಿವರಿಸುವುದು ಲೇಸು.

ಪರೀಕ್ಷೆಗೆ ಬಾರದವನ ಮುಂದೆ ಸೊನ್ನೆ ಬರೆದರೆ ತರಗತಿಯ ಸರಾಸರಿಯೇ ಸುಳ್ಳಾಗುತ್ತದೆ. ಹಾಸ್ಕೆಲಿನ ‘ಮೇಬಿ’ ಎಂಬ ವಿಧವು ಅಂಕ ಇರಬಹುದು, ಇಲ್ಲದಿರಲೂಬಹುದು ಎಂಬುದನ್ನು ಬರಹದಲ್ಲೇ ಸಾರುತ್ತದೆ. ಇಲ್ಲದಾಗ ಏನು ಮಾಡಬೇಕೆಂದು ಹೇಳದೆ, ಅದನ್ನು ಸಾಮಾನ್ಯ ಸಂಖ್ಯೆಯೆಂದು ಕೂಡಿಸಹೋದರೆ ಕಂಪೈಲರ್ ಒಪ್ಪದು. ತಿಳಿಯದ್ದನ್ನು ತಿಳಿದಂತೆ ಬರೆಯಬಾರದೆಂಬ ಶಿಸ್ತು ಇದು.

ಬಂಧುಗಳೆ, ಈ ಭಾಷೆಯ ಪದಗಳೂ ಕೈಪಿಡಿಗಳೂ ಇಂಗ್ಲಿಷಿನಲ್ಲಿವೆ. ಇಂಗ್ಲಿಷ್ ಬೇಡವೆಂದು ನಾವು ಹೇಳಲಾರೆವು. ಅದನ್ನು ಕಲಿಯಲು ನಮಗೆ ಕಷ್ಟವೂ ಆಯಿತು. ಆದರೆ ಹೇಳಬೇಕಾದುದನ್ನು ಕ್ರಮವಾಗಿ ಅಡಕಮಾಡುವುದು, ತಕ್ಕ ಹೆಸರನ್ನು ಹುಡುಕುವುದು, ಓದುವವರನ್ನು ನೆನೆದು ಬರೆಯುವುದು, ಇವು ನಮಗೆ ಕೈಗೂಡಿದ್ದು ಇಲ್ಲಿನ ಕನ್ನಡ ಪ್ರಬಂಧದ ಪುಟಗಳಲ್ಲಿ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ತರಗತಿಯಲ್ಲಿ ಕನ್ನಡ ಎಂದು ಬೆಳೆಯುವ ಮಗುವಿಗೆ ಪ್ರತಿ ನುಡಿಗೂ ಅದರದೇ ಜಾಯಮಾನವಿದೆಯೆಂದು ಯಾರೂ ಬೋಧಿಸಬೇಕಿಲ್ಲ. ಆ ಅರಿವನ್ನು ಕೊರತೆಯೆಂದು ಬಗೆಯದಿರಿ; ಮಕ್ಕಳನ್ನು ನಿಶ್ಶಂಕೆಯಿಂದ ಇಲ್ಲಿಗೆ ಕಳುಹಿಸಿರಿ ಎಂದು ಪ್ರಾರ್ಥಿಸಿ ವಿರಮಿಸುತ್ತೇವೆ.